ಸಪ್ಪಲಮ್ಮ ಮುಚ್ಚಿಟ್ಟ ಕಿವುಡು

ಸಾವಿರದ ಒಂಬೈನೂರ ತೊಂಬತ್ತರ ಸುಮಾರಿಗೆ ಮನೆಯ ಕೈಮಗ್ಗ ನಿಂತುಹೋದಾಗ, ತಮಿಳುನಾಡಿನ ಸೇಲಂ ಅಮ್ಮಾಪೇಟೆಯ ಕನ್ನಡ ನೇಕಾರರ ಮನೆಯ ಸಪ್ಪಲಮ್ಮ ಪವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಸೇರಿದಳು. ತಗಡಿನ ಸೂರಿನಡಿ ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವರು ಕಿರುಚಿದರೂ ಕೇಳುತ್ತಿರಲಿಲ್ಲ. ಅಲ್ಲಿ ಎಲ್ಲರದೂ ಕೈಸನ್ನೆಯೇ. ಬರಬರುತ್ತಾ ಮನೆಗೆ ಬಂದ ಮೇಲೂ ಅವಳ ಕಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದು ನಿಲ್ಲದಾಯಿತು. ನಿದ್ದೆ ಹಾಳಾಯಿತು. ಜನರ ದನಿ ಕೇಳಿದರೂ ಮಾತು ಬಿಡಿಸಿ ತಿಳಿಯುತ್ತಿರಲಿಲ್ಲ.

ಅದನ್ನು ಯಾರಿಗೂ ಹೇಳಲಿಲ್ಲ. ಮಗಳು ಶಶಿಕಲಾಗೆ ಗಂಡು ನೋಡುತ್ತಿದ್ದರು. ತಾಯಿ ಕಿವುಡಿ ಎಂದು ಗೊತ್ತಾದರೆ ಸಂಬಂಧ ತಪ್ಪೀತೆಂಬ ಅಂಜಿಕೆ. ಯಾರು ಏನಂದರೂ ನಕ್ಕು, "ಒಳ್ಳೇದಾಯ್ತು ಬುಡು" ಎಂದುಬಿಡುತ್ತಿದ್ದಳು.

ಒಂದು ಬೆಳಗ್ಗೆ ಬೀದಿ ನಲ್ಲಿಯ ಬಳಿ ಎದುರುಮನೆಯ ಚೆಲ್ಲಮ್ಮ ಮೆಲ್ಲಗೆ ಏನೋ ಹೇಳಿದಳು. ಅವಳ ಮಗಳು ಸರಿತಾಳ ಹೆಸರಷ್ಟೇ ಸಪ್ಪಲಮ್ಮನಿಗೆ ಸಿಕ್ಕಿತು. ಸರಿತಾ ತುಂಬು ಬಸುರಿ. ಹೆರಿಗೆಯಾಯಿತೆಂದುಕೊಂಡು ಮುಖವರಳಿಸಿ, "ಒಳ್ಳೇದಾಯ್ತು ಬುಡು! ಸಕ್ಕರೆ ಎಲ್ಲೇ?" ಎಂದಳು.

ನೀರಿಗೆ ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಚೆಲ್ಲಮ್ಮ ಕೊಡವನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಜೊತೆಗೆ ನೀರಿಗೆ ಬಂದಿದ್ದ ಶಶಿಕಲಾ ತಾಯಿಯನ್ನು ಮನೆಯೊಳಗೆ ಎಳೆದು ತಂದು ಕೂಗಿದಳು: "ಮಗು ಒಟ್ಟೇಲೇ ಸತ್ತೋಯ್ತು ಅಂದ್ಲಮ್ಮಾ ಅವ್ಳು! ನೀನು ಸಕ್ಕರೆ ಕೇಳ್ತೀಯಲ್ಲಾ!"

ಸಪ್ಪಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಳಕೋಣೆಗೆ ಹೋದಳು. ಆ ದಿನವೆಲ್ಲ ಯಾರಿಗೂ ಮುಖ ತೋರಿಸಲಿಲ್ಲ.

ರಾತ್ರಿ ಮಗಳ ಮುಂದೆ ಕಿವಿಯ ವಿಷಯ ಬಾಯಿಬಿಟ್ಟಳು. ಮಾರನೇ ದಿನ ಮಗಳು ಆಸ್ಪತ್ರೆಗೆ ಕರೆದೊಯ್ದಳು. ಮಗ್ಗದ ಸದ್ದಿಗೆ ಒಳಗಿವಿ ಕೆಟ್ಟಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನಾದರೂ ಕಾಪಾಡಿಕೊಳ್ಳಬೇಕು ಎಂದು ಡಾಕ್ಟರಮ್ಮ ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದರು. ಬಿ.ಪಿ. ಕೂಡ ಏರಿತ್ತು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಕೇಳಿದ್ದಕ್ಕೆ ಸಪ್ಪಲಮ್ಮ ನೆಲ ನೋಡುತ್ತಾ, "ವೆಕ್ಕಂ, ಡಾಕ್ಟರಮ್ಮಾ" ಎಂದಳು. ನಾಚಿಕೆಯೆಂದು ಹೇಳುವುದಕ್ಕೂ ಅವಳಿಗೆ ನಾಚಿಕೆಯಾಯಿತು.

ಸಂಜೆ ಚೆಲ್ಲಮ್ಮನ ಹೊಸ್ತಿಲಾಚೆ ನಿಂತು, "ನಂಗೆ ಕಿವಿ ಕೇಳ್ಸಲ್ಲ ಕಣೇ. ಮುಚ್ಚಿಟ್ಟಿದ್ದೆ. ನಿನ್ ಮಾತು ಕೇಳ್ಸಿದ್ರೆ ಅಂಗಂತಿದ್ನಾ?" ಎಂದು ಅತ್ತಳು.

ಚೆಲ್ಲಮ್ಮ ದನಿಯೆತ್ತಿ, "ಮೊದ್ಲೇ ಯೋಳಕ್ಕೇನಾಗಿತ್ತು ಅಕ್ಕಾ?" ಎಂದಳು. ಒಳಗೆ ಬಾ ಎನ್ನಲಿಲ್ಲ.

ಸಪ್ಪಲಮ್ಮ ಶೆಡ್ಡು ಬಿಟ್ಟು ಮನೆಯಲ್ಲೇ ನೂಲು ಸುತ್ತತೊಡಗಿದಳು. ಮಗಳಿಗೆ ಗಂಡು ಗೊತ್ತಾದಾಗ ಅವರ ಕಡೆಯವರಿಗೆ ಕಿವಿಯ ವಿಷಯ ತಾನೇ ಹೇಳಿದಳು, ಮದುವೆ ನಿಲ್ಲಲಿಲ್ಲ. ಚೆಲ್ಲಮ್ಮನೂ ಕ್ರಮೇಣ ಮಾತಾಡಿಸಿದಳು, ಮಾತಿಗೆ ಮೊದಲು ಭುಜ ಮುಟ್ಟಿ, ತುಟಿ ಕಾಣುವಂತೆ ಎದುರಿಗೆ ಬಂದು. ಆದರೆ ಸರಿತಾಳ ಮುಖವನ್ನು ನೇರ ನೋಡುವುದು ಮಾತ್ರ ಸಪ್ಪಲಮ್ಮನಿಂದ ಆಗಲೇ ಇಲ್ಲ.