ಸಮುದ್ರ ಕೊಟ್ಟದ್ದನ್ನು ನಾನು ತಡೆದೆ

ಕಾಕಾನ ರಕ್ತಸಂಬಂಧಿಗಳು ಯಾರೂ ಉಳಿದಿಲ್ಲ ಎಂದು ನಾನು ಸುಳ್ಳು ಬರೆದೆ. ಬರೆದ ಕೈ ಕಾಕಾನ ಅಣ್ಣನ ಮಗನದು — ನನ್ನದೇ.

ಎಪ್ಪತ್ತೊಂದರ ಯುದ್ಧದಲ್ಲಿ ಕಾಕಾ ಹಾರಿಸುತ್ತಿದ್ದ ವಿಮಾನ ಸಮುದ್ರದ ಮೇಲೆ ಕಾಣೆಯಾಯಿತು. ಮದುವೆಯಾಗಿ ಏಳೇ ತಿಂಗಳು. ಆತನ ಹೆಂಡತಿ, ನನ್ನ ಕಾಕೂ, ತವರಿಗೆ ಮರಳಲಿಲ್ಲ. ತಾಯಿಯಿಲ್ಲದ ನನ್ನನ್ನು ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಯಲ್ಲಿ ಬೆಳೆಸುತ್ತ, ಹಣೆಯ ಕುಂಕುಮ ಅಳಿಸದೆ ಕಾಯ್ದಳು. ಯಾವುದೋ ದಡ ಸೇರಿರಬಹುದು, ಯಾವುದೋ ಜೈಲಿನಲ್ಲಿರಬಹುದು — ಆಕೆ ಅನ್ನುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಒಂದು ಪತ್ರ ಬಂತು. ಯುದ್ಧಕಾಲದಲ್ಲಿ ಸಮುದ್ರ ಪಾಲಾದ ವೈಮಾನಿಕರನ್ನು ಹುಡುಕುವ ತಂಡದ ಮಹಿಳೆಯೊಬ್ಬರು ಬರೆದಿದ್ದರು. ಮೀನುಗಾರರ ಬಲೆಗೆ ರೆಕ್ಕೆಯ ತುಂಡೊಂದು ಸಿಕ್ಕಿತ್ತಂತೆ. ಅಲ್ಲೇ ಮುಳುಗಿ ನೋಡಿದಾಗ ಒಬ್ಬರ ಮೂಳೆಗಳು, ಒಂದು ಕೈಗಡಿಯಾರ. ವಿಮಾನದಲ್ಲಿ ಇಬ್ಬರಿದ್ದರು, ಇದು ಯಾರೆಂದು ತಿಳಿಯಲು ವಂಶದ ಗಂಡಸೊಬ್ಬನ ಉಗುಳಿನ ಪರೀಕ್ಷೆಯಾಗಬೇಕಿತ್ತು.

ಕಾಕೂ ತಡೆದುಕೊಳ್ಳಲಾರಳು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ — ಕಾಯುವುದು ಮುಗಿದರೆ ಆಕೆ ಈ ಮನೆಯಲ್ಲಿ ಯಾಕಿರಬೇಕು, ನಾನು ಆಕೆಗೆ ಏನಾಗಬೇಕು... ತಲೆ ನರೆತ ಮೇಲೂ ತಾಯಿ ಬಿಟ್ಟುಹೋದಾಳೆಂಬ ಭಯ. ಸುಳ್ಳು ಬರೆದು, ಪತ್ರವನ್ನು ಬಚ್ಚಿಟ್ಟೆ.

ಆ ನಾಲ್ಕು ವರ್ಷಗಳಲ್ಲಿ ಕಾಕೂನ ಎರಡೂ ಕಣ್ಣು ಹೋದವು.

ಹುಡುಕುವವರು ಮಾತ್ರ ಕೈಬಿಟ್ಟಿರಲಿಲ್ಲ. ಈ ವರ್ಷ ಮತ್ತೆ ಬರೆದರು: ಮೂಳೆಗಳು ವಿಮಾನದಲ್ಲಿದ್ದ ಇನ್ನೊಬ್ಬರ ಮನೆತನದೊಂದಿಗೆ ಹೊಂದಿಕೆಯಾಗಿಲ್ಲ, ನಿಮ್ಮ ಕಡೆಯ ದೂರದ ನೆಂಟರಾದರೂ ಇದ್ದಾರೆಯೇ? ನಮ್ಮ ಮನೆಯ ಸತ್ತವನಿಗಾಗಿ ಯಾರೋ ಇಷ್ಟು ಕಾಡಿ ಬೇಡುತ್ತಿದ್ದರು. ನಾಚಿಕೆಯಾಯಿತು. ಅಂದೇ ಮಧ್ಯಾಹ್ನ ಕಾಕೂನ ಮುಂದೆ ಕೂತು ಎರಡೂ ಪತ್ರ ಓದಿದೆ. ನನ್ನ ಸುಳ್ಳನ್ನೂ ಹೇಳಿದೆ.

ಆಕೆ ಕೈಚಾಚಿ ಎರಡೂ ಪತ್ರಗಳನ್ನು ಇಸಿದುಕೊಂಡು ಬೆರಳಿನಿಂದ ತಡವಿದಳು.

"ಕಾಯ್ದಾಕಿ ನಾನು," ಅಂದಳು. "ಸಾಕು ಅನ್ನೂದನ್ನೂ ನಾನ ಅನ್ನಬೇಕಿತ್ತು." ಪತ್ರಗಳನ್ನು ನನ್ನ ಕೈಗೆ ಮರಳಿಸಿ, "ಲಗೂ ಹೋಗಿ ಆ ಪರೀಕ್ಷಾ ಮಾಡಿಸ್ಕೊಂಡ ಬಾ."

ಹೊಂದಿಕೆಯಾಯಿತು. ಆ ಮಹಿಳೆ ತಾವೇ ಹುಬ್ಬಳ್ಳಿಗೆ ಬಂದು ಗಡಿಯಾರವನ್ನು ಕಾಕೂನ ಅಂಗೈಯಲ್ಲಿಟ್ಟರು. ಕಾಕೂ ಹೆಬ್ಬೆರಳಿನಿಂದ ಅಂಚು ಸವರುತ್ತ ಹೋಗಿ ಒಂದು ತಗ್ಗಿನ ಹತ್ತಿರ ನಿಂತಳು. ಮದುವೆಯ ಮರುದಿನ ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಆದದ್ದಂತೆ.

"ಇದು ಅವರದ ಅದರೀ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಮುಳ್ಳು ಎಲ್ಲಿ ನಿಂತಾವ, ನೋಡಿ ಹೇಳಪಾ."

ಮುಳ್ಳುಗಳಿರಲಿಲ್ಲ, ಉಪ್ಪುನೀರು ತಿಂದುಹಾಕಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದೆ.

ಬಂದವರ ಮುಂದೆಯೂ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ, ಹೊರಡುವಾಗ ಕಾಕೂನ ಕಾಲಿಗೆ ನಮಸ್ಕರಿಸಿದರು. ಅವರ ಋಣ ದೊಡ್ಡದು. ಕಾಕೂನದು ಇನ್ನೂ ದೊಡ್ಡದು — ಕ್ರಿಯಾಕರ್ಮ ಮುಗಿದ ಮೇಲೂ ಆಕೆ ಎಲ್ಲಿಗೂ ಹೋಗಲಿಲ್ಲ. ಮರುದಿನ ಎಂದಿನಂತೆ, ಊಟಕ್ಕೆ ಬಾ ಎಂದು ನನ್ನ ಹೆಸರು ಹಿಡಿದು ಕೂಗಿದಳು. ಎದುರು ಕೂತು ಉಂಡೆ. ಆ ಗಡಿಯಾರವನ್ನು ಆಕೆ ಕಣ್ಣಾರೆ ನೋಡಬಹುದಾಗಿತ್ತು; ನೋಡದಂತೆ ಮಾಡಿದವನು ನಾನು.