ಕಣಜದ ತಳ

ಎದುರುಮನೆಯ ಹುಡುಗಿ ಸಿಲಿಂಡರಿನ ಮೇಲ್ಮೈ ವಿಸ್ತೀರ್ಣ ತೆಗೆಯುವಾಗ ಪ್ರತಿ ಸಲವೂ ಒಂದೇ ತಪ್ಪು ಮಾಡುತ್ತಿದ್ದಳು. ಸುತ್ತಲಿನ ವಕ್ರ ಮೇಲ್ಮೈಯನ್ನು ಸರಿಯಾಗಿ ತೆಗೆಯುತ್ತಿದ್ದಳು. ಮೇಲಿನ ವೃತ್ತವನ್ನೂ ಕೂಡಿಸುತ್ತಿದ್ದಳು. ಕೆಳಗಿನ ವೃತ್ತವನ್ನು ಮಾತ್ರ ಬಿಡುತ್ತಿದ್ದಳು.

ಕುಷ್ಟಗಿ ಹತ್ತಿರದ ಊರು ನಮ್ಮದು. ಹುಡುಗಿಗೆ ತಂದೆ ಮೊದಲೇ ಇರಲಿಲ್ಲ. ಹಿಂದಿನ ವರ್ಷ ತಾಯಿಯೂ ತೀರಿಕೊಂಡ ಮೇಲೆ ಸೋದರತ್ತೆ ಬಂದು ಆ ಮನೆಯಲ್ಲಿ ನಿಂತಿದ್ದಳು. ಅತ್ತೆ ಹತ್ತಿ ಬೀಜದ ಪ್ಲಾಟಿಗೆ ಕ್ರಾಸಿಂಗ್ ಮಾಡಲು ಹೋಗುತ್ತಿದ್ದಳು. ಒಂದು ಹೂವಿನ ಗಂಡು ಭಾಗ ಕಿತ್ತು, ಇನ್ನೊಂದರ ಪರಾಗ ಮುಟ್ಟಿಸುವ ಕೆಲಸ. ಸಣ್ಣ ಬೆರಳು ಬೇಕೆಂದು ಅಲ್ಲಿ ಹುಡುಗಿಯರನ್ನೇ ಕೇಳುತ್ತಾರೆ.

ಹತ್ತನೆಯ ತರಗತಿಯಲ್ಲಿ ಹುಡುಗಿಗೆ ಗಣಿತ ಒಂದೇ ಉಳಿದಿತ್ತು. ಆ ವರ್ಷದ ಕೊನೆಯ ಅವಕಾಶ ಎದುರಿಗಿತ್ತು.

"ಪಾಸಾದ್ರ ಕುಷ್ಟಗಿ ಕಾಲೇಜು, ಫೇಲಾದ್ರ ನನ್ನ ಜೋಡಿ ಪ್ಲಾಟು. ಪೇಪರ್‌ನವರ, ನೀವ ಸಾಕ್ಷಿ," ಎಂದು ಅತ್ತೆ ನನಗೆ ಹೇಳಿಟ್ಟಿದ್ದಳು. ನಾನು ಪತ್ರಿಕೆಯ ಕೆಲಸಕ್ಕೆ ಹೊರಡುವ ಮೊದಲು, ಬೆಳಿಗ್ಗೆ ಅವರ ಪಡಸಾಲೆಯಲ್ಲಿ ಅವಳಿಗೆ ಗಣಿತ ಹೇಳಿಕೊಡುತ್ತಿದ್ದೆ.

ಒಂದು ದಿನ ಕೇಳಿದೆ: "ಕೆಳಗಿಂದು ಯಾಕ ಬಿಡತಿ?"

"ಕೆಳಗ ಯಾರ್ ಸಾರಸ್ತಾರ್ರಿ ಕಾಕಾ? ಅದು ನೆಲದ ಮ್ಯಾಲ ಕುಂತಿರತೈತಿ."

ಅವಳ ಕಣ್ಣು ಮೂಲೆಯಲ್ಲಿದ್ದ ಕಣಜದ ಮೇಲಿತ್ತು. ಕಾಳು ತುಂಬಲು ಬಿದಿರಿನಲ್ಲಿ ಹೆಣೆದ, ಎದೆಯೆತ್ತರದ ಕಣಜ. ದೀಪಾವಳಿಯ ಮುಂಚೆ ತಾಯಿ, ಮಗಳು ಕೂಡಿ ಅದಕ್ಕೆ ಸಗಣಿ, ಕೆಮ್ಮಣ್ಣು ಸಾರಿಸುತ್ತಿದ್ದರು. ಸುತ್ತಲೂ ಒಮ್ಮೆ, ಮುಚ್ಚಳಕ್ಕೆ ಒಮ್ಮೆ. ಕೈ ಆಡಿದಷ್ಟೇ ವಿಸ್ತೀರ್ಣ ಎಂದು ಅವಳು ತಿಳಿದಿದ್ದಳು.

ಲೆಕ್ಕದ ಸಿಲಿಂಡರಿಗೆ ತಳವೂ ಸೇರುತ್ತದೆ ಎಂದರೆ ತಲೆಯಾಡಿಸುತ್ತಿದ್ದಳು. ಮರುದಿನ ಮತ್ತೆ ಅದೇ ತಪ್ಪು. ಕೊನೆಗೆ, ಕಣಜ ಹೇಗೂ ಖಾಲಿ ಇದೆ, ಮಲಗಿಸಿ ತೋರಿಸೋಣ ಎಂದೆ.

"ಕಣಜ ಕೆಡವಿ ಕಲಿಸೋ ಸಾಲಿ ಯಾವೂರಾಗ ಐತ್ರಿ? ನಮ್ಮ ಕಾಲಕ್ಕ ಮಾಸ್ತರು ಬರೇ ಹುಡುಗರನ್ನ ಕೆಡವತಿದ್ರು," ಎನ್ನುತ್ತಲೇ ಅತ್ತೆಯೂ ಕೈ ಹಚ್ಚಿದಳು. ಮೂವರೂ ಸೇರಿ ಅದನ್ನು ಮಲಗಿಸಿದೆವು.

ತಳಕ್ಕೂ ಸಾರಿಸಲಾಗಿತ್ತು. ಬಿಸಿಲು ಕಾಣದ ಆ ಬಣ್ಣ ಮಾಸಿರಲಿಲ್ಲ. ಬೆರಳುಗಳು ಎಳೆದ ಗೆರೆಗಳು ಕಮಾನು ಕಮಾನಾಗಿ ಹಾಗೆಯೇ ಉಳಿದಿದ್ದವು. ಪ್ರತಿ ಎಳೆತದಲ್ಲೂ ಒಂದು ಗೆರೆ ಮಾತ್ರ ಮೋಟು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹುಡುಗಿಯ ತಾಯಿಯ ತೋರುಬೆರಳು ಅರ್ಧವೇ ಉಳಿದದ್ದು ಓಣಿಗೆಲ್ಲ ಗೊತ್ತಿತ್ತು.

"ಹೊಸಾ ಕಣಜ ತಂದಾಗ ಮೊದಲ ತಳ ಸಾರಿಸಿ, ಆಮ್ಯಾಲ ನಿಂದರಸ್ತಾರ," ಎಂದಳು ಅತ್ತೆ. "ನೀ ಆಗ ತೊಟ್ಟಲದಾಗ ಇದ್ದಿ."

ಹುಡುಗಿ ಆ ಗೆರೆಗಳಲ್ಲಿ ತನ್ನ ಬೆರಳಿಟ್ಟಳು. ಒಣಗಿದ ಮಣ್ಣಿನ ಒಂದು ಹಳಕು ಉದುರಿತು. ತಟ್ಟನೆ ಕೈ ಹಿಂದೆ ತೆಗೆದಳು, ಮತ್ತೆ ಮುಟ್ಟಲಿಲ್ಲ.

"ಇದನ್ನೂ ಲೆಕ್ಕಕ್ಕ ಹಿಡೀಬೇಕಲ್ರಿ?"

"ಹೂಂ."

ದಾರ ಹಿಡಿದು ಅಗಲ, ಎತ್ತರ ಅಳೆದಳು. ಎರಡೂ ವೃತ್ತ ಸೇರಿಸಿ ಉತ್ತರ ತೆಗೆದಳು, ಸರಿಯಿತ್ತು. ಕಣಜವನ್ನು ಮತ್ತೆ ನಿಲ್ಲಿಸುವ ಮೊದಲು ಒಂದು ಗೋಣಿಚೀಲ ತಂದು, ಮಡಚಿ, ನೆಲಕ್ಕೆ ಹಾಸಿದಳು. ಆ ತಪ್ಪು ಮತ್ತೆ ಆಗಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳು ಬಾಗಿಲಲ್ಲೇ ಹೇಳಿದಳು: "ಸಿಲಿಂಡರ್ ಬಂದಿತ್ರಿ ಕಾಕಾ. ತಳದ್ದ ಮೊದಲ ಬರದೆ."

ಫಲಿತಾಂಶ ನನ್ನ ಫೋನಿನಲ್ಲಿ ಬಂತು. ಫೇಲ್. ಸಿಲಿಂಡರ್ ಒಂದು ಪ್ರಶ್ನೆ ಮಾತ್ರ. ಬೀಜಗಣಿತ, ತ್ರಿಕೋನಮಿತಿ ಅವಳಿಗೆ ಹತ್ತಿರವೇ ಆಗಿರಲಿಲ್ಲ. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಅತ್ತೆ ಅವತ್ತು ಕುಹಕ ಆಡಲಿಲ್ಲ.

"ಕೂಸಿನ ನಂಬರ ಇನ್ನೊಮ್ಮೆ ಒತ್ರಿ ಪೇಪರ್‌ನವರ. ಯಂತ್ರಾನೂ ತಪ್ಪತಾವ."

ಇನ್ನೊಮ್ಮೆ ಒತ್ತಿದೆ. ಅದೇ ಬಂತು.

ಮುಂದಿನ ಸೋಮವಾರ ನಸುಕಿನಲ್ಲಿ ಕೂಲಿಯವರ ಟಂಟಂ ಆಟೋ ಓಣಿಗೆ ಬಂದಾಗ ಹುಡುಗಿ ತಲೆಗೆ ವಸ್ತ್ರ ಕಟ್ಟಿಕೊಂಡು ಅತ್ತೆಯ ಹಿಂದೆ ಹತ್ತಿದಳು. ಬುತ್ತಿ ತೊಡೆಯ ಮೇಲಿತ್ತು. ನನ್ನ ಕಡೆ ನೋಡಲಿಲ್ಲ.

ದೀಪಾವಳಿಗೆ ಪ್ಲಾಟಿಗೆ ರಜೆ. ಅವರ ಮನೆಗೆ ಹೋದಾಗ ಹುಡುಗಿ ಕಣಜ ಸಾರಿಸುತ್ತಿದ್ದಳು. ಮುಂದಿನ ವರ್ಷ ಮತ್ತೆ ಪರೀಕ್ಷೆ ಕಟ್ಟಿಸೋಣ ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

ಅತ್ತೆಯೇ ಉತ್ತರಿಸಿದಳು: "ಕ್ರಾಸಿಂಗಿಗೆ ಆಕಿ ಕೈ ಭಾಳ ಛಲೋ ಕುಂತೈತ್ರಿ." ಹೆಮ್ಮೆಯಿಂದ ಹೇಳಲಿಲ್ಲ. ಆಮೇಲೆ ಹುಡುಗಿಯ ಕಡೆ ತಿರುಗಿ, "ತಳದಾಗ ಒಂದ ಹಳಕು ಉದುರಿತ್ತಲ್ಲಬೇ, ಮಲಗಿಸೂಣೇನು? ಮೆತ್ತಿಬಿಡು," ಎಂದಳು.

ಹುಡುಗಿ ಮುಚ್ಚಳ ಸಾರಿಸಿ ಮುಗಿಸಿದಳು. ಬಕೆಟ್ಟಿನ ನೀರಿನಲ್ಲಿ ಕೈ ತೊಳೆದುಕೊಂಡಳು.

"ಬ್ಯಾಡತ್ತಿ," ಎಂದಳು. "ಅದು ಅವ್ವನ ಕೈಲೆ ಆಗೇತಿ."