ಶನಿವಾರ ಮೂರು ಗಂಟೆಯ ನೀರು

ಮೊದಲು ನೆನಪಾಗುವುದು ಮಾಸ್ತರರ ಕೊರಳು. ಬಡಕಲಾದ, ಉದ್ದನೆಯ ಕೊರಳು. ನೀರು ಕುಡಿಯುವಾಗ ಅದರ ಮುಂದಿನ ಉಬ್ಬು ಮೇಲೇರಿ, ಒಂದು ಕ್ಷಣ ನಿಂತು, ಆಮೇಲೆ ಕೆಳಗಿಳಿಯುತ್ತಿತ್ತು. ಆ ಒಂದು ಕ್ಷಣದಲ್ಲಿ ಏನೇನು ಆಗಬಹುದೆಂದು ನಾನು ವಾರಗಟ್ಟಲೆ ಲೆಕ್ಕ ಹಾಕಿದವನು. ನೀರು ಇಳಿಯದೇ ಹೋಗಬಹುದಿತ್ತು. ಲೋಟ ಕೈಯಿಂದ ಹಾರಬಹುದಿತ್ತು. ಗಂಟಲು ಬಿಗಿದು ಅವರು ಎದುರು ಕುಳಿತವರ ಮೇಲೆ ಬೀಳಬಹುದಿತ್ತು. ಎಲ್ಲರಿಗಿಂತ ಹತ್ತಿರ ಕುಳಿತವನು ನಾನಾದ್ದರಿಂದ ಮೊದಲು ನನ್ನನ್ನೇ ಕಚ್ಚಬಹುದಿತ್ತು. ಹುಡುಗರು ಬಾಗಿಲಲ್ಲಿ ಸಿಕ್ಕಿ ಕಾಲ್ತುಳಿತವಾಗಬಹುದಿತ್ತು. ಸುದ್ದಿ ಅರಮನೆಗೆ ಮುಟ್ಟಿ ನನ್ನ ಹೊಸ ನೌಕರಿ ಹೋಗಬಹುದಿತ್ತು, ನೌಕರಿ ಹೋದವನಿಗೆ ಹೆಣ್ಣು ಕೊಡುವವರು ಸಿಗದೇ ಇರಬಹುದಿತ್ತು. ಇವು ಯಾವುವೂ ಆಗಲಿಲ್ಲ.

ಸಂಸ್ಥಾನದ ಕಾಲ. ಜಮಖಂಡಿಯಲ್ಲಿ ನಾನು ಲೆಕ್ಕ ಕಲಿಸುತ್ತಿದ್ದ ಶಾಲೆಯಲ್ಲಿ ಅವರು ವಿಜ್ಞಾನದ ಮಾಸ್ತರರು. ಪ್ರತಿ ಶನಿವಾರ ಮೂರು ಗಂಟೆಗೆ ಜೀವಿಗಳ ಮೇಲೆ ಒಂದು ಉಪನ್ಯಾಸ ಇಡಿಸುತ್ತಿದ್ದರು. ಒಂದು ವಾರ ಹುಡುಗರ ಸರದಿ, ಒಂದು ವಾರ ಮಾಸ್ತರರ ಸರದಿ. ಯಾವುದರ ಬಗ್ಗೆ ಮಾತೋ ಅದು ಜೀವಂತವಾಗಿ ಮೇಜಿನ ಮೇಲಿರಬೇಕು, ತಾನೇ ಕಣ್ಣಾರೆ ಕಾಣದ್ದನ್ನು ಯಾರೂ ಹೇಳಬಾರದು. ಬನಹಟ್ಟಿಯ ನೇಕಾರರ ಹುಡುಗನೊಬ್ಬ ಜೇಡನನ್ನು ತಂದು ಅದು ಎಳೆ ಹಾಕುವ ಬಗೆಯನ್ನು ತನ್ನಪ್ಪನ ಮಗ್ಗಕ್ಕೆ ಹೋಲಿಸಿ ಒಂದು ತಾಸು ಮಾತಾಡಿದ್ದ. ಬೀಳಗಿ ಕಡೆಯ ಇತಿಹಾಸದ ಮಾಸ್ತರರು ಓತಿಕ್ಯಾತ ತಂದರು. ಅದು ಮಾತಿನ ನಡುವೆ ಅವರ ತಲೆಯ ರುಮಾಲು ಹತ್ತಿ ಕುಳಿತಿತು.

ಮಾತು ಮುಗಿದ ಮೇಲೆ ಸಂಶಯ ಕೇಳಲು ಒಬ್ಬನನ್ನು ನೇಮಿಸುತ್ತಿದ್ದರು. ಆ ಕೆಲಸ ಕಾಯಂ ಆಗಿ ನನಗೆ ಬಂತು.

"ನೀವು ಎಲ್ಲಾಕ್ಕೂ ಅಂಜ್ತೀರಿ" ಎಂದರು ವಿಜ್ಞಾನದ ಮಾಸ್ತರರು. "ಅಂಜುವಂವಗ ಬ್ಯಾರೇದವ್ರಿಗಿಂತ ಮೊದಲ ಕಾಣತೈತಿ. ಅದನ್ನ ಮನ್ಯಾಗ ಕುಂತು ಹಾಳ ಮಾಡಬ್ಯಾಡ್ರಿ, ಇಲ್ಲಿ ತರ್ರಿ."

ನನ್ನ ಅಂಜಿಕೆಗೆ ಅಷ್ಟು ಮರ್ಯಾದೆ ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ, ಆಮೇಲೂ ಕೊಟ್ಟಿಲ್ಲ.

ಒಂದು ಶನಿವಾರ ಒಬ್ಬ ಹುಡುಗ ನಾಯಿಯ ಮೂಗಿನ ಬಗ್ಗೆ ಮಾತಾಡಲು ಸಂತೆಯಿಂದ ಒಂದು ನಾಯಿ ಹಿಡಿದು ತಂದ. ಮುಧೋಳದ ಬೇಟೆನಾಯಿಯ ಜಾತಿ. ಮುಷ್ಟಿಯಲ್ಲಿ ಹಿಡಿಯುವಷ್ಟು ಸೊಂಟ, ಯಾರದೆಂದು ಗೊತ್ತಿಲ್ಲ. ಒಂದು ಸಲವೂ ಬೊಗಳಲಿಲ್ಲ. ಮಾಸ್ತರರು ಅದರ ಮೂಗಿಗೆ ಕರ್ಪೂರ ಹಿಡಿದರು. ಅದು ಸದ್ದಿಲ್ಲದೆ ಅವರ ಹೆಬ್ಬೆರಳ ಬುಡಕ್ಕೆ ಹಲ್ಲು ಊರಿತು, ಸದ್ದಿಲ್ಲದೆ ಬಿಟ್ಟಿತು.

ದವಾಖಾನೆಯ ಡಾಕ್ಟರರು ಗಾಯ ತೊಳೆದು, ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿರೆಂದರು. ಹತ್ತು ದಿನ ನೆಟ್ಟಗಿದ್ದರೆ ಭಯವಿಲ್ಲ. ಹುಚ್ಚು ಹಿಡಿದರೆ ಮಾತು ಬೇರೆ. ಕಟ್ಟುವ ಕೆಲಸಕ್ಕೆ ಎಲ್ಲರೂ ನನ್ನ ಮುಖ ನೋಡಿದರು, ನನ್ನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲವೆಂದು. ಬಾವಿಯ ಹಗ್ಗ ತಂದು ಶಾಲೆಯ ಅಂಗಳದ ಬೇವಿನ ಮರಕ್ಕೆ ಕಟ್ಟಿದೆ. ಸಡಿಲಾಯಿತೇನೋ ಎಂದು ದಿನಕ್ಕೆ ಐದಾರು ಸಲ ಮರದ ಕಡೆಯ ಗಂಟನ್ನು ಬಿಚ್ಚಿ ಹೊಸದಾಗಿ ಹಾಕುತ್ತಿದ್ದೆ. ಮೂರನೆಯ ಸಂಜೆ ಹಾಗೆ ಬಿಚ್ಚಿದಾಗ ನಾಯಿ ತಲೆಯೆತ್ತಿ ನನ್ನನ್ನೇ ನೋಡಿತು. ಹಗ್ಗವನ್ನು ಮರಕ್ಕೆ ಹೇಗೋ ಒಂದು ಸುತ್ತು ಹಾಕಿ ಓಡಿಬಂದೆ. ಮರುದಿನ ಮರದ ಕೆಳಗೆ ನಾಯಿಯೂ ಇಲ್ಲ, ಹಗ್ಗವೂ ಇಲ್ಲ.

"ಅಷ್ಟ ದಪ್ಪ ಹಗ್ಗ ಹರಕೊಂಡು ಹೋಗೇತಿ ಅಂದ್ರ ಅದಕ್ಕ ಹುಚ್ಚು ಹಿಡದಿರಬೇಕು" ಎಂದರು ಮಾಸ್ತರರು ಮನೆಯಲ್ಲೇ ಸುದ್ದಿ ಕೇಳಿ, ಹವಾಮಾನ ಹೇಳಿದಷ್ಟು ಸಮಾಧಾನದಿಂದ.

ಹರಿದುಕೊಂಡು ಹೋಗಿಲ್ಲ, ನನ್ನ ಗಂಟು ಬಿಚ್ಚಿಕೊಂಡಿದೆ ಎಂದು ನಾನು ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣವೆಂದುಕೊಂಡೆ. ನಾಳೆ ಎನ್ನುವಷ್ಟರಲ್ಲಿ ಅವರು ಕುಡಚಿಯಲ್ಲಿ ರೈಲು ಹತ್ತಿದ್ದರು. ಬೆಳಗಾವಿಯಲ್ಲಿ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡು ಬಂದರು. ಆದರೂ ಮೂರು ತಿಂಗಳು ಲಕ್ಷ್ಯವಿರಲಿ, ನೀರು ನುಂಗಲಾಗದಿದ್ದರೆ, ಗಾಳಿ ತಾಗಿ ಗಂಟಲು ಬಿಗಿದರೆ ಮುಗಿಯಿತೆಂದು ತಿಳಿಯಿರಿ ಎಂದಿದ್ದರಂತೆ ಅಲ್ಲಿಯ ಡಾಕ್ಟರರು.

ಬಂದ ಶನಿವಾರ ಅವರೇ ಮೇಜು ಹತ್ತಿ ಕುಳಿತರು.

"ಇವತ್ತಿನ ವಿಷಯ ನಾನ" ಎಂದರು. "ಜೀವಂತ ಇದ್ದೇನಿ, ಕಟ್ಟಳಿಗೆ ಸರಿಯಾತಲ್ಲ?"

ನಾವೆಲ್ಲ ವೈನಿ ಎಂದು ಕರೆಯುತ್ತಿದ್ದ ಅವರ ಹೆಂಡತಿ ಮನೆಯಿಂದ ಹಿತ್ತಾಳೆ ಲೋಟದಲ್ಲಿ ನೀರು ತಂದು ಕೊಟ್ಟು ಬಾಗಿಲ ಹಿಂದೆ ನಿಂತರು. ನಾನು ಬೀಸಣಿಕೆಯಿಂದ ಅವರ ಮುಖಕ್ಕೆ ಗಾಳಿ ಹಾಕಬೇಕು, ಅವರು ಕುಡಿಯಬೇಕು, ಕಂಡದ್ದನ್ನು ನಾನು ವಹಿಯಲ್ಲಿ ಬರೆಯಬೇಕು. 'ನೀರು ಇಳಿಯಿತು. ಕಣ್ಣು ತಿಳಿಯಾಗಿದೆ. ಗಾಳಿಗೆ ಏನೂ ಆಗಲಿಲ್ಲ.' ವಾರ ವಾರ ಅದೇ ಮೂರು ಸಾಲು.

ವಾರ ಕಳೆದಂತೆ ಹುಡುಗರು ಸದ್ದು ಮಾಡುವುದನ್ನೇ ಬಿಟ್ಟರು. ಆರನೆಯ ವಾರವೋ ಏಳನೆಯದೋ, ಲೋಟ ಅವರ ತುಟಿಗೆ ತಾಗಿದಾಗ ಆ ತುಂಬಿದ ಕೋಣೆಯಲ್ಲಿ ಒಂದು ಸದ್ದು ಕೇಳಿದೆ. ಅವರ ಜೊತೆಗೆ ಇಡೀ ಕೋಣೆ ಒಮ್ಮೆಲೇ ನುಂಗಿತ್ತು. ನಾನೂ ನುಂಗಿದ್ದೆ. ಅದರ ಮುಂದಿನ ವಾರ ಅವರ ಕೊರಳ ಉಬ್ಬು ಮೇಲೇರಿದ್ದು ಇಳಿಯಲೇ ಇಲ್ಲ. ಬೀಸಣಿಕೆ ನನ್ನ ಕೈಯಲ್ಲಿ ನಿಂತಿತು. ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ಎಷ್ಟೋ ಹೊತ್ತಿನ ಮೇಲೆ ನೀರು ಇಳಿಯಿತು. ಅವರು ಲೋಟ ಕೆಳಗಿಟ್ಟು ಮೆಲ್ಲಗೆ ಅಂದರು:

"ಅಂಜಬ್ಯಾಡ್ರಿ. ಅದು ಹುಚ್ಚಲ್ಲ. ನಿಮ್ಮೆಲ್ಲಾರ ಕಣ್ಣು ಗಂಟಲದಾಗ ಸಿಕ್ಕಿತ್ತು."

ಆ ದಿನವೂ ನಾನು ಹೇಳಲಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಏನು ಹೇಳುವುದೆಂಬ ಹೊಸ ಅಂಜಿಕೆ ಅಷ್ಟರಲ್ಲಿ ಹಳೆಯದಕ್ಕಿಂತ ದೊಡ್ಡದಾಗಿತ್ತು.

ಮೂರು ತಿಂಗಳು ತುಂಬುವ ಶನಿವಾರ. ಅವರು ಲೋಟ ಎತ್ತಿದ್ದರು. ಬಾಗಿಲ ಬೆಳಕು ಸ್ವಲ್ಪ ಮಂಕಾದಂತಾಯಿತು, ತಿರುಗಿ ನೋಡಿದರೆ ಹೊಸ್ತಿಲ ಮೇಲೆ ಆ ನಾಯಿ. ಅದೇ ಸೊಂಟ, ಬೊಗಳದ ಅದೇ ಬಾಯಿ. ಅದು ಯಾರನ್ನೂ ನೋಡಲಿಲ್ಲ, ಮೇಜಿನ ಮೇಲಿದ್ದವರನ್ನು ಮಾತ್ರ ನೋಡುತ್ತ ನಿಂತಿತು. ಹುಚ್ಚು ಹಿಡಿದು ಸತ್ತದ್ದು ಅವರನ್ನು ಕರೆಯಲು ಬಂದಿದೆ ಎಂದೇ ನಾನು ತಿಳಿದೆ.

ಅದರ ಹಿಂದೆ ಹಗ್ಗ ಹಿಡಿದ ಒಬ್ಬ ರೈತ ಕಾಣಿಸಿದ.

"ಸಾಲಿ ನಾಯಿ ಅಂತಲ್ರಿ ಇದು? ಮೂರು ತಿಂಗಳಾತು, ಹಿಪ್ಪರಗ್ಯಾಗ ನಮ್ಮ ಹೊಲದಾಗ ಬಿದ್ದೈತಿ. ಚೊಲೋ ನಾಯಿ, ಖರೆ ರೊಟ್ಟಿ ಭಾಳ ತಿಂತೈತ್ರಿ. ನಿಮ್ಮ ಹಗ್ಗಾನೂ ತಂದೇನಿ."

ಮಾಸ್ತರರು ಮೇಜಿನಿಂದ ಇಳಿದು ಹಗ್ಗವನ್ನು ಕೊನೆಯವರೆಗೂ ಬೆರಳಲ್ಲಿ ಎಳೆದು ನೋಡಿದರು. ಎಲ್ಲಿಯೂ ಹರಿದಿರಲಿಲ್ಲ. ಆಮೇಲೆ ನನ್ನನ್ನು ನೋಡಿದರು.

"ಸಂಶಯದವ್ರ, ನಿಮ್ಮ ಪಾಳಿ."

ಎಲ್ಲರೆದುರು ಹೇಳಿದೆ. ದಿನಕ್ಕೆ ಐದಾರು ಸಲ ಬಿಚ್ಚಿದ್ದು, ಕೊನೆಯ ಸಂಜೆ ಓಡಿಬಂದದ್ದು, ಅವರು ಹುಚ್ಚು ನಾಯಿ ಎಂದಾಗ ಸುಮ್ಮನಿದ್ದದ್ದು. ಬಾಗಿಲ ಹಿಂದಿನಿಂದ ವೈನಿ ಕೇಳಿದರು:

"ಮೂರು ತಿಂಗಳು ಯಾಕ ಹೇಳಲಿಲ್ಲೋ ತಮ್ಮಾ?"

ಸಿಟ್ಟಿರಲಿಲ್ಲ ಆ ಧ್ವನಿಯಲ್ಲಿ. ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

"ಬರಕೋರಿ" ಎಂದರು ಮಾಸ್ತರರು ವಹಿಯನ್ನು ನನ್ನ ಕಡೆ ದೂಡಿ. "ನಾಯಿ ಶಾಣ್ಯಾ ಇತ್ತು. ಕಟ್ಟಿದವರು ಅಂಜಬುರುಕ ಇದ್ರು. ಉಪನ್ಯಾಸ ಮುಗೀತು." ಹುಡುಗರು ನಕ್ಕ ನಗೆಗೆ ಆ ನಾಯಿ ಮೊದಲ ಸಲ ಬೊಗಳಿತು.

ಸಂಶಯ ಕೇಳುವ ಕೆಲಸದಿಂದ ಅವರು ನನ್ನನ್ನು ತೆಗೆಯಲಿಲ್ಲ. ಮರುವಾರ ವಹಿ ಕೊಡುವಾಗ ಮಾತ್ರ ಅಂದರು: "ಕಂಡದ್ದನ್ನ ತಡಾ ಮಾಡಿ ಹೇಳೂದೂ ಸುಳ್ಳ ರೀ." ಇಂದಿಗೂ ಮಕ್ಕಳೆದುರು ಲೆಕ್ಕ ತಪ್ಪಿದರೆ ಅಲ್ಲೇ ನಿಂತು ತಪ್ಪಿತೆನ್ನುತ್ತೇನೆ. ಅಷ್ಟು ಅವರದು.

ಇದರಿಂದ ಕೆಟ್ಟದ್ದೆಂದರೆ ಒಂದು ಸಣ್ಣ ವಿಷಯ. ವೈನಿಯ ಕಣ್ಣು ಆ ಅಭ್ಯಾಸ ಬಿಡಲಿಲ್ಲ. ಮಾಸ್ತರರು ಲೋಟ ಎತ್ತಿದರೆ ಸಾಕು, ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಅವರ ಕೊರಳು ನೋಡುತ್ತಿದ್ದರು. ಮಾಸ್ತರರು ವರ್ಷಗಟ್ಟಲೆ ಗೋಡೆಯ ಕಡೆ ತಿರುಗಿ ನೀರು ಕುಡಿದರು. ಸಂಸ್ಥಾನ ವಿಲೀನವಾಗುವ ಹಿಂದಿನ ವರ್ಷ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಮಲಗಿದವರು ಏಳಲಿಲ್ಲ. ತಿಂಗಳ ಮೇಲೆ ನಾನು ಮನೆಗೆ ಹೋದೆ. ವೈನಿ ಸಮಾಧಾನದಿಂದ ಮಾತಾಡಿದರು, ಒಳಗೆ ಹೋಗಿ ನೀರು ತಂದುಕೊಟ್ಟರು. ಬಿಸಿಲಲ್ಲಿ ಬಂದವನು, ಲೋಟ ಎತ್ತಿದೆ. ವೈನಿಯ ಕಣ್ಣು ನನ್ನ ಕೊರಳ ಮೇಲಿತ್ತು.